ಶನಿವಾರದ ಇರುಳು, ಸೋಮವಾರದ ಹಗಲು

(ಬಾನುಲಿ ಭಾಷಣ)



ಮೂವತ್ತೇಳು ವರ್ಷಕಾಲ ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನಂಥವನು ಡಿಸ್ಕೊ ಕುಣಿತದ ಅಮೆರಿಕನ್ ಚಲನಚಿತ್ರವೊಂದನ್ನು ಕುರಿತು ಮಾತನಾಡಲು ಹೊರಟಿರುವುದು ನಿಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಪಂಪನನ್ನೋ ರಾಘವಾಂಕನನ್ನೋ ಕುರಿತು ಮಾತನಾಡುವುದಾಗಿದ್ದರೆ ನನಗೂ ದಾರಿ ಸುಗಮವಾಗಿರುತ್ತಿತ್ತು. ಆದರೂ ಈ ವಿಷಯವನ್ನು ನಾನಾಗಿಯೇ ಆರಿಸಿಕೊಂಡೆ. ಅದಕ್ಕೆ ಕಾರಣ ಬಹು ಹಳೆಯದೊಂದು ತಪ್ಪು. ಆ ತಪ್ಪು ನನ್ನದೇ. ಅದನ್ನು ಮೊದಲು ಹೇಳಿಬಿಟ್ಟರೆ ಮುಂದಿನ ಮಾತಿಗೆ ಅರ್ಥ ಬಂದೀತು.

1983ರಲ್ಲಿ ನಾನೊಂದು ಸಣ್ಣ ಊರಿನ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದೆ. ವಯಸ್ಸು ಇಪ್ಪತ್ತೈದು. ದೊಡ್ಡಾಟವನ್ನು ಕುರಿತು ಊರೂರು ತಿರುಗಿ ಪ್ರಬಂಧ ಬರೆದು ಎಂ.ಎ. ಮುಗಿಸಿ ಬಂದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. ಕಾಲೇಜು ಸಂಘದ ವಾರ್ಷಿಕೋತ್ಸವದ ದಿನ ಬಿ.ಎ. ತರಗತಿಯ ಒಬ್ಬ ಹುಡುಗ ಹಿಂದಿ ಚಿತ್ರದ ಡಿಸ್ಕೊ ಹಾಡೊಂದಕ್ಕೆ ಕುಣಿದ. ಅವನು ಬೆಳಗ್ಗೆ ಕಾಲೇಜಿಗೆ ಬಂದು, ಮಧ್ಯಾಹ್ನದ ಮೇಲೆ ರಾತ್ರಿಯವರೆಗೂ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದವನು. ಬೆಳ್ಳಗಿನ ಪ್ಯಾಂಟನ್ನು ಯಾರಿಂದಲೋ ಎರವಲು ತಂದಿದ್ದ. ಸಭೆ ಶಿಳ್ಳೆ ಹಾಕಿ ಕೂಗಿತು. ಆಮೇಲೆ ವೇದಿಕೆಯ ಮೇಲೆ ಎರಡು ಮಾತನಾಡುವ ಸರದಿ ನನ್ನದಾಗಿತ್ತು. ‘ಕೋತಿಗೆ ಬಿಳಿ ಷರಾಯಿ ತೊಡಿಸಿದರೆ ಕಲೆಯಾಗುವುದಿಲ್ಲ’ ಎಂದೆ. ಸಭೆ ನಕ್ಕಿತು. ಹುಡುಗ ಪಕ್ಕದ ಪರದೆಯ ಹಿಂದೆ ನಿಂತಿದ್ದನೆಂದು ನನಗೆ ತಿಳಿದದ್ದು ಆಮೇಲೆ. ಮರುದಿನವೂ ಅವನು ತರಗತಿಗೆ ಬಂದ, ಕಡೆಯ ಬೆಂಚಿನಲ್ಲಿ ಕುಳಿತ. ಆದರೆ ಆ ವರ್ಷ ಮುಗಿಯುವತನಕ ನನ್ನ ಮುಖವನ್ನು ನೋಡಲಿಲ್ಲ.

ಈ ಕುಣಿತಕ್ಕೆ ಮೂಲವೆನಿಸಿದ ಅಮೆರಿಕನ್ ಚಿತ್ರ ‘ಸ್ಯಾಟರ್ಡೆ ನೈಟ್ ಫೀವರ್’, ಎಂದರೆ ಶನಿವಾರ ರಾತ್ರಿಯ ಜ್ವರ. ಅದು ತೆರೆ ಕಂಡದ್ದು 1977ರ ಡಿಸೆಂಬರಿನಲ್ಲಿ. ನಾನು ಅದನ್ನು ನೋಡಿದ್ದು ಮಾತ್ರ ಎಷ್ಟೋ ವರ್ಷಗಳ ಅನಂತರ, ಮಗನ ಮನೆಯಲ್ಲಿ, ಹೊತ್ತು ಕಳೆಯಲೆಂದು. ನೋಡಿ ಮುಗಿಸಿದಾಗ ನನ್ನ ಕಣ್ಣಮುಂದೆ ಇದ್ದವನು ಆ ಸೈಕಲ್ ಅಂಗಡಿಯ ಹುಡುಗ. ಕುಣಿತದ ಚಿತ್ರವೆಂದು ಲೋಕವೆಲ್ಲ ಕೊಂಡಾಡಿದ ಈ ಕೃತಿಯಲ್ಲಿ ಕುಣಿತಕ್ಕಿಂತ ಹೆಚ್ಚಾಗಿ ಕೂಲಿಯ ಕಥೆಯಿದೆ, ಮನ್ನಣೆಯ ಹಸಿವಿನ ಕಥೆಯಿದೆ. ಈ ಹೊತ್ತು ನಾನು ನಿಮಗೆ ವಿವರಿಸಬೇಕೆಂದಿರುವುದು ಅದನ್ನೇ.

ಚಿತ್ರದ ನಿರ್ದೇಶಕ ಜಾನ್ ಬ್ಯಾಡಮ್. ಚಿತ್ರಕಥೆ ನಾರ್ಮನ್ ವೆಕ್ಸ್ಲರ್ ಅವರದು. ನಿರ್ಮಾಪಕ ರಾಬರ್ಟ್ ಸ್ಟಿಗ್‌ವುಡ್. ನಾಯಕ ಟೋನಿ ಮನೇರೊ ಎಂಬ ಹತ್ತೊಂಬತ್ತರ ತರುಣ. ಆ ಪಾತ್ರವನ್ನು ವಹಿಸಿದವನು ಜಾನ್ ಟ್ರವೋಲ್ಟಾ. ಚಿತ್ರದ ಆರಂಭವನ್ನು ನೋಡಿ. ತಲೆಯ ಮೇಲೆ ಕಂಬಗಳ ಆಧಾರದಲ್ಲಿ ಓಡುವ ರೈಲು. ಅದರ ಕೆಳಗಿನ ಅಂಗಡಿ ಬೀದಿಯಲ್ಲಿ ಟೋನಿ ನಡೆದು ಬರುತ್ತಾನೆ. ಹಿನ್ನೆಲೆಯಲ್ಲಿ ಹಾಡು. ಅವನ ಹೆಜ್ಜೆಯ ಬಿಂಕವೋ ಬಿಂಕ, ಅರಸುಕುಮಾರನ ಸವಾರಿ ಹೊರಟಂತೆ. ಆದರೆ ಕೈಯಲ್ಲಿ ಏನಿದೆ? ಬಣ್ಣದ ಡಬ್ಬಿ. ಅವನು ಬಣ್ಣ ಮತ್ತು ಹಾರ್ಡ್‌ವೇರ್ ಅಂಗಡಿಯ ಆಳು. ತಮ್ಮಲ್ಲಿಲ್ಲದ ಬಣ್ಣವನ್ನು ಬೇರೆ ಅಂಗಡಿಯಿಂದ ತರಲು ಹೋಗಿದ್ದಾನೆ, ಗಿರಾಕಿ ಕಾಯುತ್ತಿದ್ದಾರೆ. ನಡುವೆ ನಿಂತು ಎರಡು ತುಂಡು ಪಿಜ್ಜಾವನ್ನು ಒಂದರ ಮೇಲೊಂದಿಟ್ಟು ತಿನ್ನುತ್ತಾನೆ. ಗಾಜಿನ ಹಿಂದೆ ತೂಗುಹಾಕಿದ ಅಂಗಿಯೊಂದನ್ನು ಕಂಡು ಐದು ಡಾಲರು ಮುಂಗಡ ಕೊಟ್ಟು ತನಗಾಗಿ ಇಡಿಸುತ್ತಾನೆ. ಪೂರ್ತಿ ಬೆಲೆ ಕೊಡುವ ಶಕ್ತಿಯಿಲ್ಲ. ಅರಸನ ನಡಿಗೆ, ಆಳಿನ ಜೇಬು: ಚಿತ್ರದ ಪೂರ್ತಿ ಕಥೆಯ ಬೀಜ ಈ ಕೆಲವೇ ನಿಮಿಷಗಳಲ್ಲಿ ಬಿದ್ದಿದೆ.

ಕಥೆ ನಡೆಯುವ ಸ್ಥಳ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ವಿಭಾಗಕ್ಕೆ ಸೇರಿದ ಬೇ ರಿಜ್. ಆಗ ಅಲ್ಲಿ ಇಟಲಿಯಿಂದ ವಲಸೆ ಬಂದವರ ಮಕ್ಕಳು, ಮೊಮ್ಮಕ್ಕಳು ಬಹುಸಂಖ್ಯೆಯಲ್ಲಿದ್ದರು. ಕೈಕೆಲಸದಿಂದ ಬದುಕುವ ಕ್ಯಾಥೊಲಿಕ್ ಕುಟುಂಬಗಳು. ನದಿಯ ಆಚೆ ಮ್ಯಾನ್‌ಹಟನ್ನಿನ ಗಗನಚುಂಬಿ ಕಟ್ಟಡಗಳು. ಸುರಂಗ ರೈಲಿನಲ್ಲಿ ಹತ್ತಿ ಕುಳಿತರೆ ತಲುಪಬಹುದಾದ ದೂರ. ಆದರೆ ಟೋನಿಯ ಗೆಳೆಯರ ಪಾಲಿಗೆ ಅದು ಬೇರೆ ದೇಶ. ಅಲ್ಲಿನ ದಿನಮಾನವೂ ಕೆಟ್ಟದಾಗಿತ್ತು. 1975ರಲ್ಲಿ ನ್ಯೂಯಾರ್ಕ್ ನಗರಾಡಳಿತವು ದಿವಾಳಿಯ ಅಂಚಿಗೆ ಬಂದಿತ್ತು. ಕಾರ್ಖಾನೆಗಳು ಮುಚ್ಚಿ ಲಕ್ಷಗಟ್ಟಲೆ ಜನರ ಕೆಲಸ ಹೋಗಿತ್ತು. ಚಿತ್ರ ತೆರೆ ಕಂಡ ವರ್ಷವೇ, 1977ರ ಜುಲೈ 13ರ ರಾತ್ರಿ, ನಗರದ ಬಹುಭಾಗದಲ್ಲಿ ವಿದ್ಯುತ್ತು ನಿಂತು ಅನೇಕ ಬಡಾವಣೆಗಳಲ್ಲಿ ಲೂಟಿ ನಡೆಯಿತು. ಕತ್ತಲು ಕವಿದ ಊರಿನಲ್ಲಿ ಬಣ್ಣಬಣ್ಣದ ದೀಪಗಳ ನೆಲಕ್ಕೆ ಜನ ಏಕೆ ಮುಗಿಬಿದ್ದರೆಂಬುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ.

ಟೋನಿಯ ಮನೆಯೊಳಕ್ಕೆ ಹೋಗೋಣ. ತಂದೆ ಕಟ್ಟಡ ಕೆಲಸದವನು. ಕೆಲಸ ಹೋಗಿ ಮನೆಯಲ್ಲಿ ಕುಳಿತಿದ್ದಾನೆ. ಹೋದ ಕೆಲಸದ ಸಿಟ್ಟನ್ನು ಊಟದ ಮೇಜಿನ ಮೇಲೆ ತೀರಿಸಿಕೊಳ್ಳುತ್ತಾನೆ. ಅಣ್ಣ ಪಾದ್ರಿಯಾಗಿದ್ದಾನೆ, ಅವನ ಭಾವಚಿತ್ರವೇ ತಾಯಿಗೆ ದೇವರ ಪಟ. ಮನೆಯ ಗೌರವವೆಲ್ಲ ಹಿರಿಯ ಮಗನ ಪಾಲಾಗಿ, ಕಿರಿಯವನಿಗೆ ಉಳಿದದ್ದು ಬೈಗುಳ. ಒಂದು ದಿನ ಟೋನಿಗೆ ಸಂಬಳದಲ್ಲಿ ನಾಲ್ಕು ಡಾಲರು ಏರಿಕೆಯಾಗುತ್ತದೆ. ಹಿಗ್ಗಿನಿಂದ ಮನೆಗೆ ಬಂದು ಹೇಳುತ್ತಾನೆ. ಇವತ್ತಿನ ಕಾಲದಲ್ಲಿ ನಾಲ್ಕು ಡಾಲರಿಗೆ ಮೂರು ಡಾಲರಿನ ಸಾಮಾನೂ ಬರುವುದಿಲ್ಲ ಎಂದು ತಂದೆ ಹಂಗಿಸುತ್ತಾನೆ. ಆಗ ಟೋನಿ ಹೇಳುವ ಮಾತು ಚಿತ್ರದ ಮರ್ಮಸ್ಥಾನ. ತನ್ನ ಜನ್ಮದಲ್ಲಿ ‘ನೀನು ಚೆನ್ನಾಗಿ ಮಾಡುತ್ತೀ’ ಎಂದು ಯಾರಾದರೂ ಹೇಳಿದ್ದು ಎರಡೇ ಸಲ. ಒಂದು ಈ ಸಂಬಳದೇರಿಕೆ, ಇನ್ನೊಂದು ಡಿಸ್ಕೊದ ಕುಣಿತ. ನೀನಂತೂ ಒಮ್ಮೆಯೂ ಹೇಳಲಿಲ್ಲ ಎಂದು ಅವನು ತಂದೆಗೆ ಹೇಳುತ್ತಾನೆ. ಹತ್ತೊಂಬತ್ತು ವರ್ಷದಲ್ಲಿ ಎರಡು ಸಲ! ಈ ಲೆಕ್ಕವನ್ನು ಕೇಳಿದಾಗ ನಾನು ಯಂತ್ರವನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ಹುಡುಗನ ಲೆಕ್ಕ ಎಷ್ಟಿತ್ತೋ!

ಇನ್ನು ಈ ಡಿಸ್ಕೊ ಎಂದರೇನೆಂದು ತುಸು ವಿವರಿಸಬೇಕು. ಗ್ರಾಮಫೋನ್ ತಟ್ಟೆಗಳ ಸಂಗ್ರಹವೆಂಬ ಅರ್ಥದ ಫ್ರೆಂಚ್ ಪದವೊಂದರ ಮೊಟಕು ರೂಪ ಅದು. ಹಾಡುವವರೂ ಬಾರಿಸುವವರೂ ಎದುರಿಗಿಲ್ಲದೆ, ತಟ್ಟೆಗಳ ಸಂಗೀತಕ್ಕೆ ಜನ ಕುಣಿಯುವ ಮನೆ ಡಿಸ್ಕೊ. ಅಲ್ಲಿನ ಸೂತ್ರಧಾರ ತಟ್ಟೆ ಹಾಕುವವನು. ಅವನ ಮುಂದೆ ಎರಡು ಯಂತ್ರಗಳು. ಒಂದರ ಹಾಡು ಮುಗಿಯುವ ಮೊದಲೇ ಇನ್ನೊಂದರ ಹಾಡನ್ನು ಅದೇ ಲಯಕ್ಕೆ ಹೊಂದಿಸಿ ಬೆಸೆಯುತ್ತಾನೆ. ಕುಣಿಯುವವರ ಹೆಜ್ಜೆ ಎಲ್ಲಿಯೂ ಕಡಿಯುವುದಿಲ್ಲ. ಸಾಮಾನ್ಯ ತಟ್ಟೆಯ ಮೂರು ನಿಮಿಷದ ಹಾಡು ಇದಕ್ಕೆ ಸಾಲದೆ ಬಂದಾಗ, 1970ರ ದಶಕದ ನಡುಭಾಗದಲ್ಲಿ, ಒಂದು ಮಗ್ಗುಲಿಗೆ ಒಂದೇ ದೀರ್ಘವಾದ ಹಾಡುಳ್ಳ 12 ಅಂಗುಲದ ತಟ್ಟೆಗಳು ಬಂದುವು. ತಾಳ ಸರಳ. ನಾಲ್ಕು ಎಣಿಕೆಯ ಆವರ್ತ; ನಾಲ್ಕು ಎಣಿಕೆಗೂ ದೊಡ್ಡ ಡ್ರಮ್ಮಿನ ಪೆಟ್ಟು. ಸಂಗೀತ ಕಲಿಯದವನ ಕಾಲಿಗೂ ಅದು ತಪ್ಪದೆ ಸಿಕ್ಕುತ್ತದೆ.

ಚಿತ್ರದ ಮೊದಲ ಹಾಡಾದ ‘ಸ್ಟೇಯಿಂಗ್ ಅಲೈವ್’ ಅನ್ನು ಕಟ್ಟಿ ಹಾಡಿದವರು ಬೀ ಜೀಸ್ ಎಂದು ಹೆಸರಾದ ಮೂವರು ಸಹೋದರರು. ಅದರ ಡ್ರಮ್ಮಿನ ಶಬ್ದವನ್ನು ಪೂರ್ತಿಯಾಗಿ ಯಾರೂ ಬಾರಿಸಲಿಲ್ಲ. ಅವರದೇ ಇನ್ನೊಂದು ಹಾಡಿನ ಒಂದು ಚಿಕ್ಕ ತುಂಡನ್ನು ಟೇಪಿನಿಂದ ತೆಗೆದು, ತುದಿಗೆ ತುದಿ ಅಂಟಿಸಿ, ಗಾಣದೆತ್ತಿನಂತೆ ಸುತ್ತಿಸಿದರು. ಎಲ್ಲಿಯೂ ದಣಿಯದ, ಎಲ್ಲಿಯೂ ತಪ್ಪದ ಆ ಪೆಟ್ಟಿಗೆ ಒಂದು ಬಗೆಯ ಯಂತ್ರಕಳೆಯಿದೆ. ಅದರ ವೇಗ ನಿಮಿಷಕ್ಕೆ ನೂರಕ್ಕಿಂತ ತುಸು ಹೆಚ್ಚು. ಹೃದಯ ನಿಂತವರ ಎದೆಯನ್ನು ಒತ್ತಿ ಬದುಕಿಸುವ ಪ್ರಥಮ ಚಿಕಿತ್ಸೆಯಲ್ಲಿ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಆದ್ದರಿಂದ ಲಯ ನೆನಪಿನಲ್ಲಿ ಉಳಿಯಲೆಂದು ಇದೇ ಹಾಡನ್ನು ಈ ಚಿಕಿತ್ಸೆಯ ಶಿಕ್ಷಣದಲ್ಲಿ ಅನೇಕ ಕಡೆ ಬಳಸುತ್ತಾರೆ. ಹಾಡಿನ ಹೆಸರಿನ ಅರ್ಥವೂ ಜೀವ ಹಿಡಿದುಕೊಂಡಿರುವುದು ಎಂದೇ.

ಆದರೆ ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಡಿಸ್ಕೊ ಹುಟ್ಟಿದ್ದು ಟೋನಿಯಂಥ ಬಿಳಿಯ ಹುಡುಗರ ನಡುವೆ ಅಲ್ಲ. 1970ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಕರಿಯ ಜನರು, ಪೋರ್ಟೊರಿಕೊ ಮೊದಲಾದ ಸ್ಪ್ಯಾನಿಷ್ ನಾಡುಗಳಿಂದ ಬಂದವರು, ಸಲಿಂಗಾನುರಾಗಿಗಳು, ಹೀಗೆ ಊರಿನ ನಡುಮನೆಯಲ್ಲಿ ಜಾಗವಿಲ್ಲದವರು ಒಟ್ಟಿಗೆ ಸೇರಿ ಕುಣಿಯಲು ಕಂಡುಕೊಂಡ ಬಿಡಾರಗಳಲ್ಲಿ ಅದು ಬೆಳೆಯಿತು. ಡೇವಿಡ್ ಮಾನ್‌ಕುಸೊ ಎಂಬವನು 1970ರಲ್ಲಿ ತನ್ನ ವಾಸದ ಮಹಡಿಯಲ್ಲಿಯೇ ಆರಂಭಿಸಿದ ‘ದಿ ಲಾಫ್ಟ್’ ಎಂಬ ಕೂಟ ಇಂಥವುಗಳಲ್ಲಿ ಪ್ರಸಿದ್ಧವಾದುದು. ಈ ಮೂಲವನ್ನು ನಮ್ಮ ಚಿತ್ರ ಹೆಚ್ಚುಕಡಿಮೆ ಮರೆಸಿತೆಂಬ ಆಕ್ಷೇಪ ಇದೆ. ಅದು ನ್ಯಾಯವಾದ ಆಕ್ಷೇಪ. ಆದರೂ ಚಿತ್ರದ ಕೊನೆಯಲ್ಲಿ ಆ ಋಣದ ಒಂದು ಅಂಶವನ್ನಾದರೂ ಟೋನಿ ತೀರಿಸುತ್ತಾನೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಶನಿವಾರ ರಾತ್ರಿ ಟೋನಿ ಹೋಗುವ ಕುಣಿತದ ಮನೆಯ ಹೆಸರು ‘2001 ಒಡಿಸ್ಸಿ’. ಆ ಹೆಸರಿನ ಮನೆ ಬೇ ರಿಜ್‌ನಲ್ಲಿ ನಿಜವಾಗಿಯೂ ಇತ್ತು; ಚಿತ್ರೀಕರಣವೂ ಅಲ್ಲಿಯೇ ನಡೆಯಿತು. ಒಳಗಿನಿಂದ ದೀಪ ಉರಿದು ಬಣ್ಣ ಬದಲಿಸುವ ನೆಲವನ್ನು ಮಾತ್ರ ಚಿತ್ರಕ್ಕಾಗಿ ಹೊಸದಾಗಿ ಹಾಕಿಸಿದರು. ಹೊರಡುವ ಮುನ್ನ ಟೋನಿ ಕನ್ನಡಿಯ ಮುಂದೆ ನಿಂತು ತಲೆ ಬಾಚಿ, ಸರ ತೊಟ್ಟು, ಅಂಗಿಯನ್ನು ಆರಿಸುವ ದೃಶ್ಯವನ್ನು ನೋಡುವಾಗ ನನಗೆ ಚೌಕಿಮನೆಯ ನೆನಪಾಯಿತು. ಅದೇ ನಿಧಾನ, ಅದೇ ಶ್ರದ್ಧೆ. ಅವನು ಒಳಗೆ ಕಾಲಿಟ್ಟೊಡನೆ ಜನ ದಾರಿ ಬಿಡುತ್ತಾರೆ. ಅವನೊಬ್ಬನೇ ಕುಣಿಯುವಾಗ ನೆಲವನ್ನೆಲ್ಲ ಅವನಿಗೇ ಬಿಟ್ಟು ಸುತ್ತಲೂ ನಿಲ್ಲುತ್ತಾರೆ.

ಈ ಒಂಟಿ ಕುಣಿತದ ವಿಷಯದಲ್ಲಿ ನಡೆದ ಸಂಗತಿಯೊಂದುಂಟು. ಮೊದಲು ಸಂಕಲನ ಮಾಡಿದಾಗ ಅದರಲ್ಲಿ ಮುಖ, ಕೈ, ಕಾಲುಗಳ ಸಮೀಪದ ಚಿತ್ರಗಳನ್ನೇ ಹೆಚ್ಚಾಗಿ ಸೇರಿಸಿದ್ದರು. ತಿಂಗಳುಗಟ್ಟಲೆ ಬೆವರಿಳಿಸಿ ಅಭ್ಯಾಸ ಮಾಡಿದ್ದ ಟ್ರವೋಲ್ಟಾ ಅದನ್ನು ಕಂಡು ಒಪ್ಪಲಿಲ್ಲ. ಅಡಿಯಿಂದ ಮುಡಿಯವರೆಗೆ ಇಡೀ ದೇಹ ಕಾಣಿಸಲೇಬೇಕೆಂದು ಹಟ ಹಿಡಿದು ಬದಲಾಯಿಸಿದ. ಅವನ ಹಟ ಕಲೆಯ ದೃಷ್ಟಿಯಿಂದ ಸರಿಯಾದದ್ದು. ತುಂಡು ತುಂಡಾಗಿ ಕತ್ತರಿಸಿದರೆ ಯಾರನ್ನಾದರೂ ಕುಣಿಸಬಹುದು. ಇಡೀ ದೇಹ ಕಂಡರೆ ಮಾತ್ರ ಕೆಲಸಗಾರಿಕೆ ಕಾಣುತ್ತದೆ. ಚಿತ್ರದ ಟೋನಿಗೂ ಬೇಕಾಗಿದ್ದುದು ಅದೇ ಅಲ್ಲವೆ? ಹಗಲು ಅಂಗಡಿಯಲ್ಲಿ ಅವನು ಡಬ್ಬಿ ಎತ್ತಿಕೊಡುವ ಎರಡು ಕೈ ಮಾತ್ರ. ಇರುಳು ಆ ನೆಲದ ಮೇಲೆ ಪೂರ್ತಿ ಮನುಷ್ಯ.

ಈ ಕಥೆ ಎಲ್ಲಿಂದ ಬಂತೆಂಬುದು ಕಥೆಯಷ್ಟೇ ಸ್ವಾರಸ್ಯವಾದದ್ದು. 1976ರ ಜೂನ್ 7ರ ‘ನ್ಯೂಯಾರ್ಕ್’ ಪತ್ರಿಕೆಯಲ್ಲಿ ನಿಕ್ ಕೋನ್ ಎಂಬ ಬ್ರಿಟಿಷ್ ಲೇಖಕನ ದೀರ್ಘ ಲೇಖನವೊಂದು ಅಚ್ಚಾಯಿತು. ಬೇ ರಿಜ್‌ನ ಹುಡುಗರು ಶನಿವಾರವನ್ನು ಕುಲಾಚಾರದಂತೆ ನಡೆಸುವ ಬಗೆಯನ್ನು, ವಿನ್ಸೆಂಟ್ ಎಂಬ ಕುಣಿತಗಾರನನ್ನು ನಡುವಿಟ್ಟು ಅದರಲ್ಲಿ ವರ್ಣಿಸಿದ್ದ. ಬರೆದದ್ದೆಲ್ಲ ನಿಜವೆಂಬ ಒಕ್ಕಣೆಯೂ ಜೊತೆಗಿತ್ತು. ಅದನ್ನು ಆಧರಿಸಿಯೇ ಚಿತ್ರವಾಯಿತು. ಇಪ್ಪತ್ತು ವರ್ಷಗಳ ಅನಂತರ, 1990ರ ದಶಕದಲ್ಲಿ, ಲೇಖಕನೇ ಒಪ್ಪಿಕೊಂಡ: ವಿನ್ಸೆಂಟ್ ಎಂಬವನು ಇರಲೇ ಇಲ್ಲ. ಅಮೆರಿಕಕ್ಕೆ ಹೊಸಬನಾದ ತನಗೆ ಆ ಹುಡುಗರ ಬದುಕೇ ತಿಳಿದಿರಲಿಲ್ಲ. ಕುಣಿತದ ಮನೆಯ ಬಾಗಿಲಲ್ಲಿ ನಿಂತಿದ್ದ ಯಾರೋ ಒಬ್ಬನನ್ನು ಕಂಡದ್ದುಂಟು. ಮತ್ತೆ ಹುಡುಕಿದಾಗ ಅವನು ಸಿಗಲಿಲ್ಲ. ಆದ್ದರಿಂದ ಲಂಡನ್ನಿನಲ್ಲಿ ಹಿಂದೆ ತಾನು ಕಂಡಿದ್ದ ಒಬ್ಬ ತರುಣನನ್ನು ನೆನೆದು ವಿನ್ಸೆಂಟನನ್ನು ಕಟ್ಟಿದೆನೆಂದ.

ಪತ್ರಿಕಾಧರ್ಮದ ಮಾತಿನಲ್ಲಿ ಇದು ದೊಡ್ಡ ಅಪರಾಧ. ಅದರಲ್ಲಿ ಎರಡು ಮಾತಿಲ್ಲ. ನಿಜವೆಂದು ಹೇಳಿ ಕಲ್ಪನೆಯನ್ನು ಮಾರಿದ್ದನ್ನು ನಾನು ಸಮರ್ಥಿಸಲಾರೆ. ಆದರೆ ಸುಳ್ಳು ವರದಿಯೊಂದು ನಿಜವಾದ ಚಿತ್ರವಾದದ್ದು ಹೇಗೆಂಬುದನ್ನು ಸಾಹಿತ್ಯದ ವಿದ್ಯಾರ್ಥಿ ಯೋಚಿಸಬೇಕು. ಲಂಡನ್ನಿನ ತರುಣನನ್ನು ಎತ್ತಿ ತಂದು ಬ್ರೂಕ್ಲಿನ್ನಿನಲ್ಲಿ ನಿಲ್ಲಿಸಿದರೂ ಅಲ್ಲಿನ ಜನ ಇವನು ನಮ್ಮವನೇ ಎಂದು ಗುರುತು ಹಿಡಿದರು. ವಾರವೆಲ್ಲ ಯಾರದೋ ಆಳಾಗಿ ದುಡಿದು, ಒಂದು ರಾತ್ರಿ ತನ್ನ ಬಟ್ಟೆ, ತನ್ನ ಹೆಜ್ಜೆಗಳಿಂದ ದೊರೆಯಾಗುವ ಬಡವರ ಮಗ ಎರಡು ಊರುಗಳಲ್ಲಿಯೂ ಇದ್ದ. ನಮ್ಮಲ್ಲಿಯೂ ಇದ್ದಾನೆ. ಹಗಲೆಲ್ಲ ಹೊಲದಲ್ಲಿ ಕೂಲಿ ಮಾಡಿದವನು ರಾತ್ರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅಟ್ಟದ ಮೇಲೆ ಅರ್ಜುನನಾಗಿ ಕುಣಿದದ್ದನ್ನು ನಾನು ಎಷ್ಟೋ ಊರುಗಳಲ್ಲಿ ಕಂಡಿದ್ದೆ. ಅದನ್ನು ಮೆಚ್ಚಿ ನೂರು ಪುಟ ಬರೆದಿದ್ದೆ. ಅವರ ಗೆಜ್ಜೆಯ ಸದ್ದಿನಲ್ಲಿ ಮಾನವನ ಘನತೆ ಕೇಳಿಸುತ್ತದೆಂದು ನನ್ನ ಪ್ರಬಂಧದಲ್ಲಿ ಒಂದು ವಾಕ್ಯವೂ ಇತ್ತು. ಅದೇ ಘನತೆ ಬಿಳಿಯ ಪ್ಯಾಂಟು ತೊಟ್ಟು ಎದುರಿಗೆ ಬಂದಾಗ ನನಗೆ ಗುರುತು ಸಿಗಲಿಲ್ಲ.

ಹೀಗೆಂದ ಮಾತ್ರಕ್ಕೆ ಟೋನಿಯೂ ಅವನ ಗೆಳೆಯರೂ ಸದ್ಗುಣಿಗಳೆಂದು ನೀವು ತಿಳಿಯಬಾರದು. ಈ ಚಿತ್ರದ ಪ್ರಾಮಾಣಿಕತೆ ಇರುವುದು ಇಲ್ಲಿಯೇ. ತಮಗಿಂತ ಕೆಳಗಿನವರೆಂದು ಭಾವಿಸಿದವರ ಮೇಲೆ ಈ ಹುಡುಗರು ಎರಗುತ್ತಾರೆ. ಗೆಳೆಯನೊಬ್ಬನಿಗೆ ಪೆಟ್ಟು ಬಿತ್ತೆಂದು ಪೋರ್ಟೊರಿಕೊ ಹುಡುಗರ ಗುಂಪಿನ ಮೇಲೆ ನುಗ್ಗಿ ಹೊಡೆದಾಡುತ್ತಾರೆ; ಆಮೇಲೆ ಆ ಗೆಳೆಯ, ತನ್ನನ್ನು ಹೊಡೆದವರು ಅವರೇ ಹೌದೋ ಅಲ್ಲವೋ ಎಂದು ರಾಗ ಎಳೆಯುತ್ತಾನೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಅವರ ನಡತೆ ಹೇಯವಾದದ್ದು. ಆ್ಯನೆಟ್ ಎಂಬ ಹುಡುಗಿ ಟೋನಿಯನ್ನು ಪ್ರೀತಿಸುತ್ತಾಳೆ. ಅವನು ಅವಳನ್ನು ಸ್ಪರ್ಧೆಯ ಜೊತೆಗಾತಿಯಾಗಿ ಮೊದಲು ಒಪ್ಪಿ, ಹೆಚ್ಚು ಚೆನ್ನಾಗಿ ಕುಣಿಯುವ ಸ್ಟೆಫನಿ ದೊರೆತೊಡನೆ ಕೈಬಿಡುತ್ತಾನೆ. ಕೊನೆಯ ರಾತ್ರಿ ಟೋನಿ ಸ್ಟೆಫನಿಯ ಮೇಲೆಯೇ ಬಲಾತ್ಕಾರಕ್ಕೆ ಕೈಹಾಕುತ್ತಾನೆ. ಅವಳು ಬಿಡಿಸಿಕೊಂಡು ಓಡುತ್ತಾಳೆ. ಅದೇ ರಾತ್ರಿ ಅವನ ಗೆಳೆಯರು ಕಾರಿನ ಹಿಂದಿನ ಆಸನದಲ್ಲಿ ಆ್ಯನೆಟ್ಟಳನ್ನು ಕೆಡಿಸುತ್ತಾರೆ. ಟೋನಿ ಮುಂದಿನ ಆಸನದಲ್ಲಿ ಕುಳಿತಿರುತ್ತಾನೆ. ಹಾಡುಗಳನ್ನಷ್ಟೇ ಕೇಳಿ ಚಿತ್ರವನ್ನು ಬಲ್ಲೆವೆಂದುಕೊಂಡವರಿಗೆ ಈ ಭಾಗ ನೆನಪಿರುವುದಿಲ್ಲ. ಅವಮಾನ ಉಂಡವನು ಅದನ್ನು ತನಗಿಂತ ದುರ್ಬಲರಿಗೆ ಉಣಿಸುತ್ತಾನೆಂಬ ಕಹಿ ಸತ್ಯವನ್ನು ಚಿತ್ರ ಮುಚ್ಚಿಡುವುದಿಲ್ಲ.

ಆ ಗುಂಪಿನಲ್ಲಿ ಬಾಬಿ ಎಂಬೊಬ್ಬ ಹುಡುಗನಿದ್ದಾನೆ. ಕಾರು ಅವನದು, ಗುಂಪಿನಲ್ಲಿ ಅವನಿಗಿರುವ ಬೆಲೆ ಆ ಕಾರಿನ ಬೆಲೆ. ಅವನಿಂದ ಒಬ್ಬ ಹುಡುಗಿ ಗರ್ಭಿಣಿಯಾಗಿದ್ದಾಳೆ. ಮದುವೆಯಾಗಲು ಅವನಿಗೆ ಮನಸ್ಸಿಲ್ಲ. ಧರ್ಮ ಗರ್ಭಪಾತವನ್ನು ಒಪ್ಪುವುದಿಲ್ಲ. ಸಿಕ್ಕಿದವರನ್ನೆಲ್ಲ ದಾರಿ ಕೇಳುತ್ತಾನೆ. ಪಾದ್ರಿತನವನ್ನು ಬಿಟ್ಟು ಮನೆಗೆ ಬಂದ ಟೋನಿಯ ಅಣ್ಣನನ್ನೂ ಕೇಳುತ್ತಾನೆ. ಟೆಲಿಫೋನ್ ಮಾಡುತ್ತೇನೆಂದು ಟೋನಿ ಮಾತು ಕೊಟ್ಟು ಮರೆಯುತ್ತಾನೆ. ಬೇ ರಿಜ್‌ನ ಅಂಚಿನಲ್ಲಿ ವೆರಾಝಾನೊ ಸೇತುವೆಯಿದೆ. 1964ರಲ್ಲಿ ತೆರೆದ ಈ ತೂಗುಸೇತುವೆಯ ನಡುಗಣ್ಣಿನ ಉದ್ದ 4,260 ಅಡಿ. 1981ರವರೆಗೂ ಜಗತ್ತಿನಲ್ಲಿ ಅದಕ್ಕಿಂತ ಉದ್ದವಾದದ್ದು ಇರಲಿಲ್ಲ. ಅದನ್ನು ಕಟ್ಟಲು ಬೇ ರಿಜ್‌ನಲ್ಲಿ ಸುಮಾರು 7,000 ಜನರನ್ನು ಮನೆ ಬಿಡಿಸಿದ್ದರು. ಟೋನಿಗೆ ಆ ಸೇತುವೆಯ ಎತ್ತರ ಉದ್ದಗಳೆಲ್ಲ ಬಾಯಿಪಾಠ. ಶಾಲೆಯಲ್ಲಿ ಕಲಿಯದಿದ್ದವನು ಇದನ್ನು ಪ್ರೀತಿಯಿಂದ ಕಲಿತಿದ್ದಾನೆ. ಈ ಹುಡುಗರು ಕುಡಿದು ಅದರ ತಂತಿಗಳ ಮೇಲೆ ಕೋತಿಯಾಟ ಆಡುವವರು. ಒಂದು ರಾತ್ರಿ ಬಾಬಿ ಹಾಗೆ ಹತ್ತುತ್ತಾನೆ. ಇಳಿದು ಬಾ ಎಂದು ಟೋನಿ ಕೈ ಚಾಚಿ ಬೇಡುತ್ತಾನೆ. ನೀನು ಏಕೆ ಟೆಲಿಫೋನ್ ಮಾಡಲಿಲ್ಲವೆಂದು ಬಾಬಿ ಅಳುತ್ತಾನೆ. ಕಾಲು ಜಾರಿ ನೀರಿಗೆ ಬೀಳುತ್ತಾನೆ. ಆತ್ಮಹತ್ಯೆಯೇ ಎಂದು ಪೊಲೀಸನು ಕೇಳಿದಾಗ, ತನ್ನನ್ನು ತಾನು ಕೊಂದುಕೊಳ್ಳದೆಯೂ ಸಾಯುವ ದಾರಿಗಳಿವೆ ಎನ್ನುತ್ತಾನೆ ಟೋನಿ.

ಇದಕ್ಕೆ ಕೆಲವೇ ಗಂಟೆಗಳ ಮುಂಚೆ ನಡೆದದ್ದು ಕುಣಿತದ ಸ್ಪರ್ಧೆ. ಚಿತ್ರವೆಲ್ಲ ಕಾದುಕೊಂಡು ಬಂದ ಗಳಿಗೆ ಅದು. ಬಿಳಿಯ ಸೂಟು ತೊಟ್ಟ ಟೋನಿ ಸ್ಟೆಫನಿಯೊಡನೆ ಕುಣಿಯುತ್ತಾನೆ, ಮೆಲ್ಲಗೆ, ಕೋಮಲವಾಗಿ. ಅನಂತರ ಪೋರ್ಟೊರಿಕೊ ಮೂಲದ ಜೋಡಿಯೊಂದು ಕುಣಿಯುತ್ತದೆ. ಅವರ ಕುಣಿತದಲ್ಲಿ ಬೆಂಕಿಯಿದೆ. ಬಲ್ಲವನ ಕಣ್ಣಿಗೆ ಅವರೇ ಮೇಲು; ಟೋನಿ ಬಲ್ಲವನು. ಆದರೆ ಮೊದಲ ಬಹುಮಾನ ಟೋನಿಗೇ ಬರುತ್ತದೆ, ಅವನು ಆ ಮನೆಯ ಹುಡುಗನೆಂದು, ಅವರದೇ ಬಣ್ಣ, ಅವರದೇ ಜನವೆಂದು. ಜನ್ಮವೆಲ್ಲ ‘ನೀನು ಚೆನ್ನಾಗಿ ಮಾಡುತ್ತೀ’ ಎಂಬ ಮಾತಿಗಾಗಿ ಹಸಿದವನಿಗೆ ಆ ಮಾತು ಈಗ ಮೂರನೆಯ ಸಲ ಸಿಕ್ಕಿದೆ, ಅದೂ ಸುಳ್ಳಾಗಿ. ಅವನು ಮಾಡುವುದೇನು? ನೇರವಾಗಿ ಆ ಜೋಡಿಯ ಬಳಿಗೆ ಹೋಗಿ ಬಹುಮಾನವನ್ನೂ ಹಣವನ್ನೂ ಅವರ ಕೈಗೆ ಕೊಟ್ಟು ಹೊರಟುಹೋಗುತ್ತಾನೆ. ಆ ಒಂದು ಗಂಟೆಯೊಳಗೇ ಅವನು ಸ್ಟೆಫನಿಯ ವಿಷಯದಲ್ಲಿ ನೀಚನಾಗಿ ನಡೆಯುತ್ತಾನೆ. ಎಂದರೆ ಈ ಒಂದು ಕಾರ್ಯದಿಂದ ಅವನು ಪುಣ್ಯವಂತನಾಗಿಬಿಡಲಿಲ್ಲ. ಆದರೆ ತಾನು ಬಲ್ಲ ಒಂದೇ ವಿದ್ಯೆಯಲ್ಲಿ ಅವನು ಸುಳ್ಳನ್ನು ಸಹಿಸಲಿಲ್ಲ. ನಮ್ಮ ಹಿರಿಯರು ಕಾಯಕವೆಂದು ಕರೆದದ್ದರ ಒಂದು ಕಣ ಅಲ್ಲಿ ನನಗೆ ಕಂಡಿತು.

ಬಾಬಿ ಸತ್ತ ಮೇಲೆ ಟೋನಿ ಇರುಳೆಲ್ಲ ಸುರಂಗ ರೈಲಿನಲ್ಲಿ ತಿರುಗುತ್ತಾನೆ. ಬೆಳಗಾದಾಗ ಮ್ಯಾನ್‌ಹಟನ್ನಿನಲ್ಲಿರುವ ಸ್ಟೆಫನಿಯ ಹೊಸ ಮನೆಯ ಬಾಗಿಲಲ್ಲಿ ನಿಂತು ಕ್ಷಮೆ ಕೇಳುತ್ತಾನೆ. ಬ್ರೂಕ್ಲಿನ್ನಿಗೆ ಹಿಂತಿರುಗುವುದಿಲ್ಲ, ಇಲ್ಲಿ ಬೇರೆ ಕೆಲಸ ಹುಡುಕುತ್ತೇನೆನ್ನುತ್ತಾನೆ. ಅವನ ಭಯ ಏನೆಂದು ಚಿತ್ರ ಮೊದಲೇ ತೋರಿಸಿದೆ. ಅಂಗಡಿಯ ಯಜಮಾನ, ಒಳ್ಳೆಯ ಮನುಷ್ಯನೇ, ತನ್ನಲ್ಲಿ ಹತ್ತಾರು ವರ್ಷಗಳಿಂದ ದುಡಿಯುತ್ತಿರುವ ಆಳುಗಳನ್ನು ತೋರಿಸಿ ನಿನಗೂ ಇಲ್ಲಿ ಭವಿಷ್ಯವಿದೆ ಎನ್ನುತ್ತಾನೆ. ಟೋನಿ ಆ ಮುಖಗಳನ್ನು ನೋಡುತ್ತಾನೆ. ಶನಿವಾರ ಎಷ್ಟು ಬೆಳಗಿದರೂ ಸೋಮವಾರ ಬೆಳಗ್ಗೆ ಆ ಮುಖಗಳ ಸಾಲಿನಲ್ಲಿ ನಿಲ್ಲಬೇಕು. ಹೊಸ ಊರಿನಲ್ಲಿ ಅವನಿಗೆ ಏನು ಸಿಕ್ಕಿತೆಂದು ಚಿತ್ರ ಹೇಳುವುದಿಲ್ಲ. ಇಬ್ಬರೂ ಕೈ ಹಿಡಿದು ಕುಳಿತಿರುವಲ್ಲಿಗೆ ಮುಗಿಯುತ್ತದೆ.

ಚಿತ್ರದ ಯಶಸ್ಸು ಅಸಾಧಾರಣವಾದದ್ದು. ಹಾಡುಗಳ ತಟ್ಟೆ ಅಮೆರಿಕದ ಮಾರಾಟದ ಪಟ್ಟಿಯಲ್ಲಿ 1978ರಲ್ಲಿ ಒಂದೇ ಸಮನೆ 24 ವಾರ ಮೊದಲನೆಯದಾಗಿ ನಿಂತು, 1979ರಲ್ಲಿ ವರ್ಷದ ಶ್ರೇಷ್ಠ ಆಲ್ಬಮ್ಮಿನ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಟ್ರವೋಲ್ಟಾನ ಹೆಸರು ಆಸ್ಕರ್ ಪ್ರಶಸ್ತಿಯ ಪಟ್ಟಿಗೆ ಬಂತು. ಬಿಳಿಯ ಸೂಟನ್ನು ವಿಮರ್ಶಕ ಜೀನ್ ಸಿಸ್ಕೆಲ್ ಹರಾಜಿನಲ್ಲಿ ಕೊಂಡು, 1995ರಲ್ಲಿ 1,45,500 ಡಾಲರಿಗೆ ಮಾರಿದರು. ನಾಲ್ಕು ಡಾಲರಿನ ಏರಿಕೆಗೆ ಹಿಗ್ಗಿದ ಹುಡುಗನ ಬಟ್ಟೆಯ ಬೆಲೆ ಅದು! ಇನ್ನೊಂದು ಕಡೆ, ಡಿಸ್ಕೊವನ್ನು ಕಂಡರಾಗದವರ ಸಿಟ್ಟೂ ಬೆಳೆಯಿತು. 1979ರ ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ರಾಶಿ ಹಾಕಿದ ಡಿಸ್ಕೊ ತಟ್ಟೆಗಳನ್ನು ಸಿಡಿಮದ್ದಿನಿಂದ ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿ, ಆ ದಿನದ ಎರಡನೆಯ ಪಂದ್ಯವೇ ನಿಂತಿತು. ಕರಿಯರ ಹಾಗೂ ಸಲಿಂಗಾನುರಾಗಿಗಳ ಸಂಗೀತದ ಮೇಲಿನ ದ್ವೇಷವೂ ಅದರಲ್ಲಿ ಬೆರೆತಿತ್ತೆಂದು ಅನೇಕ ವಿಮರ್ಶಕರು ಅಭಿಪ್ರಾಯಪಟ್ಟಿದ್ದಾರೆ.

ನಮ್ಮ ದೇಶಕ್ಕೆ ಈ ಅಲೆ ಬಂದ ದಾರಿಯಲ್ಲಿ ಕನ್ನಡ ನಾಡಿನ ಒಂದು ಹೆಜ್ಜೆಗುರುತಿದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಬಿದ್ದು ಅಪ್ಪಯ್ಯ 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ಸಂಗೀತ ಸಂಯೋಜಕರಾದರು. ಕಾರ್ಲ್ ಡಗ್ಲಸ್‌ನಿಂದ ಹಾಡಿಸಿ 1974ರಲ್ಲಿ ಅವರು ಹೊರತಂದ ‘ಕುಂಗ್ ಫು ಫೈಟಿಂಗ್’ ಬ್ರಿಟನ್ನು, ಅಮೆರಿಕಗಳೆರಡರಲ್ಲಿಯೂ ಮೊದಲ ಸ್ಥಾನಕ್ಕೇರಿತು. ನಮ್ಮ ಚಿತ್ರಕ್ಕೆ ಮೂರು ವರ್ಷ ಮೊದಲಿನ ಮಾತು ಇದು. 1980ರ ‘ಕುರ್ಬಾನಿ’ ಎಂಬ ಹಿಂದಿ ಚಿತ್ರಕ್ಕೆ ಹದಿಹರೆಯದ ನಾಜಿಯಾ ಹಸನ್‌ಳಿಂದ ಅವರು ಹಾಡಿಸಿದ ಹಾಡು ದೇಶವನ್ನೆಲ್ಲ ಕುಣಿಸಿತು. 1982ರಲ್ಲಿ ಮಿಥುನ್ ಚಕ್ರವರ್ತಿಯ ‘ಡಿಸ್ಕೊ ಡ್ಯಾನ್ಸರ್’ ಬಂತು. ಬಪ್ಪಿ ಲಾಹಿರಿಯ ಸಂಗೀತ. ಅಲ್ಲಿಯೂ ನಾಯಕ ಅವಮಾನ ಉಂಡ ಬಡ ತಾಯಿಯ ಮಗನೇ. ಆದರೆ ನಮ್ಮವರ ಕಥೆಯಲ್ಲಿ ಅವನು ಗೆದ್ದು ಲೋಕವಿಖ್ಯಾತನಾಗುತ್ತಾನೆ. ಸೋವಿಯತ್ ದೇಶದಲ್ಲಿ ಕೋಟ್ಯಂತರ ಜನ ಅದನ್ನು ನೋಡಿ ಮೆಚ್ಚಿದರು. ನನ್ನ ಸೈಕಲ್ ಅಂಗಡಿಯ ಹುಡುಗ ಕುಣಿದದ್ದು ಆ ಚಿತ್ರದ ಹಾಡಿಗೇ.

ಒಡಿಸ್ಸಿಯ ಕಟ್ಟಡವನ್ನು 2005ರಲ್ಲಿ ಕೆಡವಿದರು. 2010ರಲ್ಲಿ ಅಮೆರಿಕ ಈ ಚಿತ್ರವನ್ನು ರಾಷ್ಟ್ರೀಯವಾಗಿ ಕಾಪಿಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿತು. ಇಂದಿನ ಹುಡುಗರು ಮೊಬೈಲನ್ನು ಗೋಡೆಗೆ ಒರಗಿಸಿಟ್ಟು ಅದರ ಮುಂದೆ ಕುಣಿಯುತ್ತಾರೆ. ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ಹುಡುಗ ರಾತ್ರಿ ಬಾಗಿಲು ಹಾಕಿದ ಮೇಲೆ ದೀಪದ ಕಂಬದ ಕೆಳಗೆ ಕುಣಿಯುವುದನ್ನು ಮಹಡಿಯಿಂದ ನೋಡುತ್ತಿರುತ್ತೇನೆ. ಮೊನ್ನೆ ಬಟ್ಟೆ ಕೊಡಲು ಬಂದಾಗ, ‘ನಿನ್ನೆ ಚೆನ್ನಾಗಿ ಕುಣಿದೆಯಪ್ಪ’ ಎಂದೆ. ಅವನು ನಾಚಿ, ‘ನೋಡಿಬಿಟ್ರಾ ಸಾರ್?’ ಎಂದು ಕೇಳಿದ. ಎಣಿಸಿದ್ದ ಬಟ್ಟೆಗಳನ್ನು ಇನ್ನೊಮ್ಮೆ ಎಣಿಸಿ ಕೊಟ್ಟು ಹೋದ.

ನಲವತ್ತು ವರ್ಷ ಹಿಂದೆ ಆಡಬೇಕಾಗಿದ್ದ ಮಾತು ಅದು. ಆಗ ಆಡಬೇಕಾಗಿದ್ದವನಿಗೆ ಆಡಲಿಲ್ಲ. ಅವನು ಈಗ ಎಲ್ಲಿದ್ದಾನೋ ತಿಳಿಯದು. ಅವನಿಗೂ ಅರವತ್ತು ಸಮೀಪಿಸಿರಬೇಕು. ಬಾನುಲಿಯ ಮಾತಿಗೆ ಗೋಡೆಯಿಲ್ಲ. ಈ ಹೊತ್ತು ಎಲ್ಲಿಯಾದರೂ ಕೇಳುತ್ತಿದ್ದರೆ, ಆ ದಿನ ಅವನು ಚೆನ್ನಾಗಿ ಕುಣಿದನೆಂದೂ, ತಪ್ಪಿದವನು ಅವನ ಮೇಷ್ಟರೆಂದೂ ತಿಳಿಯಲಿ.